ಮೆಜೆಸ್ಟಿಕ್‌ಗೆ ಮುಂಚೆಯೇ ಇಳಿಯುವುದು: ರಾಣೆಬೆನ್ನೂರಿನಿಂದ ಜಯದೇವ ಆಸ್ಪತ್ರೆಯವರೆಗಿನ ಒಂದು ಪ್ರಯಾಣದ ಪ್ರಕರಣ ಅಧ್ಯಯನ

ಉತ್ತರ ಕರ್ನಾಟಕದಿಂದ ರಾತ್ರಿ ಬಸ್ಸಿನಲ್ಲಿ ಹೊರಟು, ನಸುಕಿನಲ್ಲಿ ಬೆಂಗಳೂರು ತಲುಪಿ, ಅದೇ ದಿನ ಆಸ್ಪತ್ರೆ ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಮರಳುವವರ ಸಂಖ್ಯೆ ದೊಡ್ಡದು. ಅವರಿಗೆ ಈ ನಗರ ಎಂದರೆ ಮೆಜೆಸ್ಟಿಕ್, ಆಸ್ಪತ್ರೆ ಮತ್ತು ಇವೆರಡರ ನಡುವಿನ ದಾರಿ, ಅಷ್ಟೇ. ಇಲ್ಲಿ ಪರಿಶೀಲಿಸಿರುವುದು ಅಂಥದೇ ಒಂದು ಪ್ರಯಾಣವನ್ನು. ಪ್ರಯಾಣಿಕರು ನನ್ನ ಸೋದರತ್ತೆ. ವಯಸ್ಸು ಅರವತ್ತೈದು ದಾಟಿದೆ, ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ, ಮೊಣಕಾಲು ನೋವೂ ಇದೆ. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಸಾಕಷ್ಟು ದೂರ ನಡೆಯಬಲ್ಲರು. ಆದರೆ ಒಂದು ಮಹಡಿಯಷ್ಟು ಮೆಟ್ಟಿಲು ಹತ್ತಿದರೆ ಏದುಸಿರು ಬಂದು ಕುಳಿತುಬಿಡುತ್ತಾರೆ. ಜೊತೆಗೆ ಬಂದವನು ನನ್ನ ತಮ್ಮ. ತುಮಕೂರು ರಸ್ತೆಯ ಕಡೆ ವಾಸವಾಗಿರುವ ನಾನು ದಾರಿ ಗೊತ್ತುಮಾಡಿ, ನಗರದೊಳಗಿನ ಭಾಗದಲ್ಲಿ ಅವರ ಜೊತೆ ಹೋದೆ. ಕಾಲ 2025ರ ಆಗಸ್ಟ್ ಕೊನೆಯ ಭಾಗ, ಅಂದರೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗ ತೆರೆದು ಕೆಲವೇ ವಾರಗಳಾಗಿದ್ದವು.

ಜಯದೇವ ಹೃದ್ರೋಗ ಆಸ್ಪತ್ರೆ ಇರುವುದು ಜಯನಗರದ ಅಂಚಿನಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿ. ಆಗಸ್ಟ್ 10ರಂದು ಹಳದಿ ಮಾರ್ಗ ಉದ್ಘಾಟನೆಯಾಗುವವರೆಗೆ ಮೆಜೆಸ್ಟಿಕ್‌ನಿಂದ ಅಲ್ಲಿಗೆ ಹೋಗುವವರಿಗೆ ಬಿಎಂಟಿಸಿ ಬಸ್ಸು ಅಥವಾ ಆಟೊ ಬಿಟ್ಟರೆ ನೇರ ದಾರಿ ಇರಲಿಲ್ಲ. ಈಗ ಆಸ್ಪತ್ರೆಯ ಹೆಸರಿನದೇ ಒಂದು ಮೆಟ್ರೊ ನಿಲ್ದಾಣವಿದೆ. ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಯವರೆಗೆ ಹೋಗಿ ಹಳದಿಗೆ ಬದಲಾಯಿಸಿದರೆ ರಾಗಿಗುಡ್ಡ, ಅದರ ಮುಂದಿನದೇ ಜಯದೇವ. ನಕ್ಷೆಯ ಮೇಲೆ ಇಷ್ಟು ಸಲೀಸಾಗಿ ಕಾಣುವ ದಾರಿ ಈ ಪ್ರಯಾಣಿಕರಿಗೆ ಎಷ್ಟು ಸಲೀಸು ಎಂಬುದು ನಮ್ಮ ಮುಂದಿದ್ದ ಪ್ರಶ್ನೆ. ಸಮಯ ಮತ್ತು ದುಡ್ಡಿನ ಲೆಕ್ಕಕ್ಕಿಂತ ಮೊದಲು ನಾನು ಹಾಕಿದ ಲೆಕ್ಕ ಬೇರೆ: ಮನೆಯಿಂದ ಆಸ್ಪತ್ರೆಯ ಬಾಗಿಲವರೆಗೆ ಎಷ್ಟು ಸಲ ಇಳಿದು ಹತ್ತಬೇಕು, ಪ್ರತಿ ಸಲವೂ ಎಷ್ಟು ಎತ್ತರ ಏರಬೇಕು ಅಥವಾ ಇಳಿಯಬೇಕು, ಮತ್ತು ಆ ಜಾಗದಲ್ಲಿ ಲಿಫ್ಟ್ ಇದೆಯೇ.

ಈ ಲೆಕ್ಕದಲ್ಲಿ ಮೊದಲು ಸಂಶಯಕ್ಕೆ ಒಳಗಾಗುವುದು ಮೆಜೆಸ್ಟಿಕ್. ಊರಿನ ಬಸ್ಸುಗಳ ನಿಲ್ದಾಣ, ನಗರ ಬಸ್ಸುಗಳ ನಿಲ್ದಾಣ, ರೈಲು ನಿಲ್ದಾಣ, ಮೆಟ್ರೊ ಎಲ್ಲವೂ ಒಂದೇ ಕಡೆ ಇರುವುದರಿಂದ ಅದು ಸಹಜ ಆಯ್ಕೆಯಂತೆ ತೋರುತ್ತದೆ. ರೈಲು ನಿಲ್ದಾಣಕ್ಕೆ ಎದುರಾಗಿ, ಪ್ರವಾಸಿಗರಿಗೂ ವಿದ್ಯಾರ್ಥಿಗಳಿಗೂ ತಂಗಲು ಗುಬ್ಬಿ ತೋಟದಪ್ಪನವರ ಛತ್ರ ಎದ್ದದ್ದು 1903ರಲ್ಲಿ. ಅಂದರೆ ಹೊರಗಿನಿಂದ ಬಂದವರು ಇಲ್ಲಿಯೇ ಇಳಿಯುವ ರೂಢಿಗೆ ನೂರಕ್ಕೂ ಹೆಚ್ಚು ವರ್ಷವಾಯಿತು. ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳ ಸುಭಾಷ್ ನಗರ ಮೈದಾನವಾಗಿ, ಆ ಮೈದಾನದಲ್ಲಿ 1980ರ ದಶಕದಲ್ಲಿ ನಗರ ಬಸ್ ನಿಲ್ದಾಣ ಎದ್ದಿತು. 2016–17ರಲ್ಲಿ ಅದರ ಕೆಳಗೆ ನೇರಳೆ ಮತ್ತು ಹಸಿರು ಮಾರ್ಗಗಳು ಒಂದನ್ನೊಂದು ದಾಟುವ ನಿಲ್ದಾಣ ಬಂತು. ಎಲ್ಲವೂ ಅಕ್ಕಪಕ್ಕದಲ್ಲಿಯೇ ಇವೆ, ನಿಜ. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ರಸ್ತೆಯನ್ನು ಮೇಲಿನಿಂದಲೋ ಕೆಳಗಿನಿಂದಲೋ ದಾಟಬೇಕು. ಮೆಟ್ರೊಗಾದರೆ ಹಲವು ಮಹಡಿಗಳಷ್ಟು ಆಳಕ್ಕೆ ಇಳಿಯಬೇಕು, ಅದರಲ್ಲೂ ಹಸಿರು ಮಾರ್ಗದ ಪ್ಲಾಟ್‌ಫಾರ್ಮ್ ನೇರಳೆಯದಕ್ಕಿಂತ ಕೆಳಗಿದೆ. ಕೈಯಲ್ಲಿ ಚೀಲ, ಸುತ್ತ ನೂಕುನುಗ್ಗಲು, ಪಕ್ಕದಲ್ಲಿ ‘ಎಲ್ಲಿಗೆ ಸಾರ್, ಎಲ್ಲಿಗೆ’ ಎಂದು ಬೆನ್ನು ಹತ್ತುವ ಆಟೊದವರು. ನಿದ್ದೆಗೆಟ್ಟ ಹೃದ್ರೋಗಿಯನ್ನು ನಸುಕಿನಲ್ಲಿ ಇಷ್ಟರ ನಡುವೆ ಇಳಿಸುವ ಅಗತ್ಯವಿದೆಯೇ?

ಅಗತ್ಯವಿಲ್ಲ ಎಂಬುದು ರಸ್ತೆಯನ್ನು ನೋಡಿದರೆ ತಿಳಿಯುತ್ತದೆ. ರಾಣೆಬೆನ್ನೂರು, ಹಾವೇರಿ, ದಾವಣಗೆರೆ ಕಡೆಯ ಬಸ್ಸುಗಳು ನಗರವನ್ನು ಹೊಗುವುದು ತುಮಕೂರು ರಸ್ತೆಯಿಂದ. ಮೆಟ್ರೊ ಹಸಿರು ಮಾರ್ಗವೂ ಅದೇ ರಸ್ತೆಯ ಜೊತೆಗೆ ಮಾದಾವರ, ನಾಗಸಂದ್ರ, ದಾಸರಹಳ್ಳಿ, ಜಾಲಹಳ್ಳಿ, ಪೀಣ್ಯ, ಗೊರಗುಂಟೆಪಾಳ್ಯ, ಯಶವಂತಪುರ ಎಂದು ಸಾಗುತ್ತದೆ. ಈ ಕಡೆ ಎಲ್ಲೇ ಇಳಿದು ಹಸಿರು ಮಾರ್ಗ ಹಿಡಿದರೂ ಮೆಜೆಸ್ಟಿಕ್ ನಾವು ಕುಳಿತ ರೈಲು ಹಾದುಹೋಗುವ ಒಂದು ನಿಲ್ದಾಣ ಮಾತ್ರ. ಒಂದು ಬದಲಾವಣೆ, ಅದೂ ಅತ್ಯಂತ ಕಷ್ಟದ ಬದಲಾವಣೆ, ಇಡಿಯಾಗಿ ತಪ್ಪಿಹೋಗುತ್ತದೆ.

ಇದು ಹೊಸ ಆಲೋಚನೆಯೇನೂ ಅಲ್ಲ. ಉತ್ತರದ ಜಿಲ್ಲೆಗಳ ಬಸ್ಸುಗಳನ್ನು ಮೆಜೆಸ್ಟಿಕ್‌ವರೆಗೆ ಬಿಡದೆ ಪೀಣ್ಯದಲ್ಲಿಯೇ ನಿಲ್ಲಿಸಬೇಕೆಂದು ಕೆಎಸ್‌ಆರ್‌ಟಿಸಿ ಅಲ್ಲಿ ಬಸವೇಶ್ವರ ಬಸ್ ನಿಲ್ದಾಣವನ್ನು ಕಟ್ಟಿ 2014ರಲ್ಲಿ ತೆರೆಯಿತು. ಆ ಏರ್ಪಾಡು ಹೆಚ್ಚು ಕಾಲ ನಡೆಯಲಿಲ್ಲ. ಪ್ರಯಾಣಿಕರು ಒಪ್ಪಲಿಲ್ಲ, ಬಸ್ಸುಗಳು ಮೆಜೆಸ್ಟಿಕ್‌ಗೇ ಮರಳಿದವು. ಜನರದು ಹಟ ಎಂದು ಆಗ ಹಲವರು ದೂರಿದ್ದುಂಟು. ನನ್ನ ದೃಷ್ಟಿಯಲ್ಲಿ ಜನರ ಲೆಕ್ಕವೇ ಸರಿಯಿತ್ತು. ಆ ವರ್ಷ ಮಾರ್ಚ್‌ನಲ್ಲಿ ತೆರೆದ ಹಸಿರು ಮಾರ್ಗ ಪೀಣ್ಯ ಇಂಡಸ್ಟ್ರಿಯಿಂದ ಸಂಪಿಗೆ ರಸ್ತೆಯವರೆಗೆ ಮಾತ್ರ ಇತ್ತು. ಪೀಣ್ಯದಲ್ಲಿ ಇಳಿದವರು ಮೆಟ್ರೊ ಹತ್ತಿದರೂ ಮಲ್ಲೇಶ್ವರದ ಅಂಚಿನಲ್ಲಿ ಮತ್ತೆ ಇಳಿದು ಬಸ್ಸೋ ಆಟೊವೋ ಹುಡುಕಬೇಕಾಗುತ್ತಿತ್ತು, ಅಂದರೆ ಒಂದು ಬದಲಾವಣೆಯ ಜಾಗದಲ್ಲಿ ಎರಡು. ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಯವರೆಗಿನ ಭಾಗ ತೆರೆದದ್ದು 2017ರ ಜೂನ್‌ನಲ್ಲಿ. 2014ರಲ್ಲಿ ಕೈಕೊಟ್ಟ ಉಪಾಯ ಇಂದು ನಡೆಯುತ್ತದೆಯಾದರೆ ಅದಕ್ಕೆ ಕಾರಣ ಮುಂದಿನ ಹಳಿ, ನಿಲ್ದಾಣದ ಕಟ್ಟಡವಲ್ಲ.

ಯೋಜನೆಯಲ್ಲಿ ಒಂದು ತೊಡಕಿತ್ತು. ತುಮಕೂರು ರಸ್ತೆಯಲ್ಲಿ ನಾಗಸಂದ್ರದ ಕಡೆಯಿಂದ ಗೊರಗುಂಟೆಪಾಳ್ಯದವರೆಗೆ ಪೀಣ್ಯ ಫ್ಲೈಓವರ್ ಇದೆ. 2021ರ ಡಿಸೆಂಬರ್‌ನಲ್ಲಿ ಅದರ ಕೇಬಲ್ಲುಗಳಲ್ಲಿ ದೋಷ ಕಂಡುಬಂದು ಭಾರಿ ವಾಹನಗಳನ್ನು ನಿಲ್ಲಿಸಿದ್ದರು. 2024ರ ಜುಲೈ ಕೊನೆಯಲ್ಲಿ ಮತ್ತೆ ಬಿಟ್ಟರು. ಬಸ್ಸು ಮೇಲೆ ಹತ್ತಿಬಿಟ್ಟರೆ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಎರಡೂ ಕೆಳಗೇ ಉಳಿಯುತ್ತವೆ; ಇಳಿಯಲು ಸಿಗುವುದು ಗೊರಗುಂಟೆಪಾಳ್ಯ. ಅಲ್ಲಿಯೂ ಮೆಟ್ರೊ ಇದೆ, ಆದರೆ ಹೊರವರ್ತುಲ ರಸ್ತೆ ಸೇರುವ ಆ ಕೂಡುರಸ್ತೆಯಲ್ಲಿ ಕತ್ತಲಲ್ಲಿ ವಯಸ್ಸಾದವರನ್ನು ನಡೆಸುವುದು ನನಗೆ ಇಷ್ಟವಿರಲಿಲ್ಲ. ಆದ್ದರಿಂದ ತಮ್ಮನಿಗೆ ಹೇಳಿದ್ದು ಇಷ್ಟೇ: ತುಮಕೂರು ದಾಟುತ್ತಿದ್ದಂತೆಯೇ ಕಂಡಕ್ಟರರನ್ನು ಕೇಳು, ಬಸ್ಸು ಮೇಲೋ ಕೆಳಗೋ ಎಂದು. ಕೆಳಗೆ ಎಂದಾದರೆ ಜಾಲಹಳ್ಳಿ ಕ್ರಾಸ್, ಮೇಲೆ ಎಂದಾದರೆ ಫ್ಲೈಓವರ್ ಹತ್ತುವ ಮುಂಚೆಯೇ ಎಂಟನೇ ಮೈಲಿ ಎಂಬ ನಿಲುಗಡೆಯಲ್ಲಿ ಇಳಿಯಬೇಕು. ಅಂದು ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ಹುಡುಗರು ಬಸ್ಸಿನಲ್ಲಿ ಹಲವರಿದ್ದುದರಿಂದ ಡ್ರೈವರ್ ಕೆಳಗಿನ ರಸ್ತೆಯಲ್ಲಿಯೇ ಬಂದರು. ಐದು ಗಂಟೆಯ ಆಸುಪಾಸಿಗೆ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದಾಯಿತು.

ಊರಿನಿಂದ ಇಲ್ಲಿಯವರೆಗೆ ಅತ್ತೆಯದು ಶೂನ್ಯ ಟಿಕೆಟ್. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಏಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕೆಂಪು ಬಸ್ಸಿನ ಸೀಟಿನಲ್ಲಿ ರಾತ್ರಿಯಿಡೀ ಕುಳಿತು ಬರುವುದು ಹೃದ್ರೋಗಿಗೆ ಹಿತವಲ್ಲವೆಂದು ನಾನು ಸ್ಲೀಪರ್ ಬುಕ್ ಮಾಡುವ ಮಾತು ಎತ್ತಿದ್ದೆ. ಅತ್ತೆ ಒಪ್ಪಲಿಲ್ಲ. ‘ಮೇಲಿನ ಸೀಟ ಕೊಟ್ರ ಏಣಿ ಹತ್ತಾಕ ನನ್ನ ಕಡೀಂದ ಆಗೂದಿಲ್ಲಪಾ, ಸುಮ್ನ ರೊಕ್ಕ ದಂಡ’ ಎಂಬುದು ಅವರ ವಾದ, ಮತ್ತು ಅದರಲ್ಲಿ ಹುರುಳಿತ್ತು.

ಜಾಲಹಳ್ಳಿ ನಿಲ್ದಾಣದ ಮುಂದಿನ ಮಾರು ಉದ್ದದ ದಾರಿ ಇಡೀ ಪ್ರಯಾಣದಲ್ಲಿ ಅತಿ ಚಿಕ್ಕದು. ಸಮಯ ಹಿಡಿದದ್ದು ಮಾತ್ರ ಅದರ ಅಳತೆಗೆ ಮೀರಿ. ಫುಟ್‌ಪಾತಿನ ಅಂಚು ಮೊಣಕಾಲಿನ ಅರ್ಧದಷ್ಟು ಎತ್ತರ. ಪಾದಚಾರಿಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೊರಡಿಸಿರುವ ಮಾರ್ಗಸೂಚಿ ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಎನ್ನುತ್ತದೆ. ನಾವು ನಿಂತಿದ್ದ ಜಾಗದಲ್ಲಿ ಎರಡೂ ಇರಲಿಲ್ಲ. ಅತ್ತೆ ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿಹಿಡಿದು, ಇನ್ನೊಂದು ಕೈಯನ್ನು ತಮ್ಮನ ಹೆಗಲ ಮೇಲಿಟ್ಟು, ಬಲಗಾಲನ್ನು ಮೊದಲು ಮೇಲಿಟ್ಟು ಎಡಗಾಲನ್ನು ಎಳೆದುಕೊಂಡರು. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಚರಂಡಿಯ ಮೇಲಿನ ಚಪ್ಪಡಿಯೊಂದು ಓರೆಯಾಗಿತ್ತು, ಮತ್ತೆ ರಸ್ತೆಗಿಳಿಯಬೇಕಾಯಿತು, ಮತ್ತೆ ಹತ್ತಬೇಕಾಯಿತು. ಲಿಫ್ಟ್ ಕಂಡ ಮೇಲೆಯೇ ಅವರು ಕೇಳಿದ್ದು: ‘ಇನ್ನ ಎಷ್ಟ ಮೆಟ್ಟಲ ಅದಾವು?’ ಇಲ್ಲ ಎಂದಾಗ ನಂಬಲಿಲ್ಲ. ಎಸ್ಕಲೇಟರನ್ನು ದೂರದಿಂದಲೇ ನೋಡಿ ಅದು ಬೇಡವೆಂದು ತಲೆಯಾಡಿಸಿದರು. ಸೆರಗು, ನೆರಿಗೆ, ಚೀಲ ಎಲ್ಲವನ್ನೂ ಹಿಡಿದುಕೊಂಡವರಿಗೆ ಚಲಿಸುವ ಮೆಟ್ಟಿಲ ಮೇಲೆ ಕಾಲಿಡುವ ಕ್ಷಣದ ಅಂಜಿಕೆ ಎಷ್ಟೆಂಬುದು ಪ್ಯಾಂಟು ತೊಟ್ಟವರಿಗೆ ಬೇಗ ಅರ್ಥವಾಗುವುದಿಲ್ಲ.

ಮೆಟ್ರೊ ದಾರಿಯನ್ನು ಆರಿಸಿಕೊಳ್ಳಲು ಇನ್ನೊಂದು ಕಾರಣವಿತ್ತು. ಅದರ ಬಗ್ಗೆ ಮನೆಯವರು ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ಹೃದಯದ ತೊಂದರೆಯಿರುವ ಅನೇಕರಿಗೆ ಮೂತ್ರ ಹೋಗಿಸುವ ಮಾತ್ರೆ ಕೊಟ್ಟಿರುತ್ತಾರೆ. ಪ್ರಯಾಣದ ದಿನ ಹೆಂಗಸರು ಆ ಮಾತ್ರೆಯನ್ನು ಬಿಟ್ಟುಬಿಡುವುದೋ ನೀರು ಕುಡಿಯದೆ ಇರುವುದೋ ಸಾಮಾನ್ಯ, ಯಾಕೆಂದರೆ ದಾರಿಯಲ್ಲಿ ಎಲ್ಲಿ ಹೋಗಬೇಕೆಂಬುದು ಗೊತ್ತಿರುವುದಿಲ್ಲ. ವೈದ್ಯರು ತಪಾಸಣೆ ಮಾಡುವ ದಿನವೇ ಮಾತ್ರೆ ತಪ್ಪಿದರೆ ಆ ತಪಾಸಣೆಯ ಅರ್ಥವೇ ಕೆಡುತ್ತದೆ. ಮೆಟ್ರೊ ನಿಲ್ದಾಣಗಳಲ್ಲಿ ಶೌಚಾಲಯ ಇರುತ್ತದೆ. ನಗರ ಬಸ್ಸಿನ ದಾರಿಬದಿಯ ತಂಗುದಾಣಗಳಲ್ಲಿ ಇರುವುದಿಲ್ಲ. ಈ ಒಂದು ಸಂಗತಿಯನ್ನು ಅತ್ತೆಗೆ ಫೋನಿನಲ್ಲಿ ಮುಂಚೆಯೇ ತಿಳಿಸಿದ್ದರಿಂದ ಅವರು ಮಾತ್ರೆ ಬಿಡಲಿಲ್ಲ. ಮಾರ್ಗ ಹೇಳಿಕೊಡುವ ಮೊಬೈಲ್ ಆ್ಯಪ್‌ಗಳು ನಿಮಿಷ ಮತ್ತು ರೂಪಾಯಿಯನ್ನು ತೋರಿಸುತ್ತವೆ. ಲಿಫ್ಟನ್ನೂ ಶೌಚಾಲಯವನ್ನೂ ಮುಂದಿಟ್ಟು ದಾರಿ ಸೂಚಿಸಿದ್ದನ್ನು ನಾನು ಕಂಡಿಲ್ಲ.

ಹಸಿರು ಮಾರ್ಗದ ಮೊದಲ ರೈಲುಗಳು ವಾರದ ದಿನಗಳಲ್ಲಿ ಐದು ಗಂಟೆಗೆ ಹೊರಡುತ್ತವೆ. (ವಾರಾಂತ್ಯಕ್ಕೆ ಊರಿಗೆ ಹೋಗಿ ಮರಳುವವರ ಅನುಕೂಲಕ್ಕೆಂದು 2025ರ ಜನವರಿಯಿಂದ ಸೋಮವಾರ ಮಾತ್ರ 4.15ಕ್ಕೇ ಸೇವೆ ಆರಂಭವಾಗುತ್ತದೆ. ಭಾನುವಾರವಾದರೆ ಏಳು ಗಂಟೆಯವರೆಗೆ ಕಾಯಬೇಕು. ರಾತ್ರಿ ಬಸ್ಸು ಹತ್ತುವವರು ದಿನವನ್ನು ಗೊತ್ತುಮಾಡುವಾಗಲೇ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.) ಆ ಹೊತ್ತಿಗೆ ಬೋಗಿ ಖಾಲಿ. ಜಾಲಹಳ್ಳಿಯಿಂದ ಆರ್.ವಿ. ರಸ್ತೆಯವರೆಗೆ ಮುಕ್ಕಾಲು ಗಂಟೆಯೊಳಗಿನ ದಾರಿ. ಸಂಪಿಗೆ ರಸ್ತೆಯ ನಂತರ ರೈಲು ನೆಲದೊಳಗೆ ಇಳಿದು ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ದಾಟಿ ನ್ಯಾಷನಲ್ ಕಾಲೇಜಿನ ಬಳಿ ಮತ್ತೆ ಮೇಲೇರುತ್ತದೆ. ಮೆಜೆಸ್ಟಿಕ್ ಬಂದಾಗ ಅತ್ತೆ ನಿದ್ದೆಯಲ್ಲಿದ್ದರು.

ಆರ್.ವಿ. ರಸ್ತೆಯಲ್ಲಿ ನಿರ್ಧಾರವೊಂದನ್ನು ಮಾಡಬೇಕಿತ್ತು. ಹಳದಿ ಮಾರ್ಗ ಆಗ ಮೂರೇ ರೈಲುಗಳಿಂದ ನಡೆಯುತ್ತಿತ್ತು. ಒಂದು ಹೋದರೆ ಇನ್ನೊಂದಕ್ಕೆ 25 ನಿಮಿಷ, ಮೊದಲ ರೈಲೇ ಆರೂವರೆಗೆ. ಎರಡು ನಿಲ್ದಾಣಗಳ ದಾರಿಗಾಗಿ ಅಷ್ಟು ಕಾಯಬೇಕು, ಮಜಲು ಬದಲಿಸಲು ಮತ್ತೆ ಲಿಫ್ಟ್ ಹುಡುಕಬೇಕು. ಆಚೆ ಕಡೆ ಜಯದೇವ ನಿಲ್ದಾಣವೋ ನಗರದ ಅತಿ ಎತ್ತರದ ನಿಲ್ದಾಣಗಳಲ್ಲಿ ಒಂದು. ಕೆಳಸೇತುವೆ, ನೆಲಮಟ್ಟದ ರಸ್ತೆ, ಅದರ ಮೇಲೆ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ 2024ರ ಜುಲೈನಲ್ಲಿ ಒಂದು ಬದಿಯನ್ನು ತೆರೆದ ಫ್ಲೈಓವರ್, ಅದಕ್ಕೂ ಮೇಲೆ ಮೆಟ್ರೊ, ಹೀಗೆ ಅಡುಕಲು ಗಡಿಗೆಗಳಂತೆ ಒಂದರ ಮೇಲೊಂದು ಪೇರಿಸಿದ ಜಾಗವದು. ಅಲ್ಲಿದ್ದ ಹಳೆಯ ಫ್ಲೈಓವರನ್ನು ಇದಕ್ಕಾಗಿಯೇ 2020ರಲ್ಲಿ ಕೆಡವಿದ್ದರು. ಇಷ್ಟು ಎತ್ತರದಿಂದ ಇಳಿಯುವ ದಾರಿ ಹೇಗಿದೆಯೆಂದು ಹೊಸ ನಿಲ್ದಾಣದಲ್ಲಿ ರೋಗಿಯನ್ನು ಜೊತೆಗಿಟ್ಟುಕೊಂಡೇ ಪರೀಕ್ಷಿಸುವುದು ಬೇಡವೆನಿಸಿತು. ಉಳಿದದ್ದು ಮೂರು ಕಿಲೋಮೀಟರಿನ ಆಸುಪಾಸು. ಆ ತಿಂಗಳ ಒಂದನೇ ತಾರೀಖಿನಿಂದ ಆಟೊ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ ಆಗಿತ್ತು. ಐದು ಗಂಟೆ ದಾಟಿದ್ದರಿಂದ ರಾತ್ರಿಯ ಒಂದೂವರೆ ಪಟ್ಟು ದರ ಅನ್ವಯವಾಗುತ್ತಿರಲಿಲ್ಲ. ಮೀಟರ್ ಪ್ರಕಾರ 54 ರೂಪಾಯಿಯ ದಾರಿಗೆ ನೂರು ಕೇಳಿದರು, ಎಂಬತ್ತಕ್ಕೆ ಬಂದರು. ಮೆಜೆಸ್ಟಿಕ್‌ನಿಂದಲೇ ಆಟೊ ಹಿಡಿದಿದ್ದರೆ ದೂರವನ್ನು ಒಂಬತ್ತು ಕಿಲೋಮೀಟರೆಂದು ಹಿಡಿದರೂ ಮೀಟರ್ ದರವೇ 162 ರೂಪಾಯಿ. ಅಲ್ಲಿ ಯಾರು ಮೀಟರ್ ಹಾಕುತ್ತಾರೆಂಬುದು ಬೇರೆ ಮಾತು.

ಆಸ್ಪತ್ರೆಯ ಗೇಟಿನ ಮುಂದೆ ಇಳಿದಾಗ ಆರೂವರೆ ಆಗಿರಲಿಲ್ಲ. ಹೊರರೋಗಿಗಳ ಸರತಿಯಲ್ಲಿ ಮುಂದಿನ ಜಾಗ ಸಿಕ್ಕಿತು. ಅಲ್ಲಿನ ದಿನದ ವಿವರ ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಮರಳುವ ದಾರಿಗೆ ಬೆಳಗಿನ ದಾರಿಯನ್ನೇ ತಿರುಗಿಸಿಕೊಂಡರೆ ಆಯಿತೆಂದು ತಮ್ಮ ಭಾವಿಸಿದ್ದ. ಆದರೆ ಇಳಿಯುವುದಕ್ಕೆ ಒದಗಿದ ಜಾಗ ಹತ್ತುವುದಕ್ಕೆ ಒದಗುವುದಿಲ್ಲ. ಸೀಟು ಕಾದಿರಿಸದ ಪ್ರಯಾಣಿಕರು ಜಾಲಹಳ್ಳಿ ಕ್ರಾಸಿನಲ್ಲಿ ನಿಂತರೆ, ಮೆಜೆಸ್ಟಿಕ್‌ನಲ್ಲಿಯೇ ತುಂಬಿಬರುವ ಬಸ್ಸುಗಳು ನಿಲ್ಲುತ್ತವೆ ಎಂಬ ಭರವಸೆಯಿಲ್ಲ. ನಿಂತರೂ ರಾಣೆಬೆನ್ನೂರಿನವರೆಗೆ ಮುನ್ನೂರು ಕಿಲೋಮೀಟರ್ ನಿಂತೇ ಹೋಗಬೇಕಾದೀತು. ಶಕ್ತಿ ಯೋಜನೆ ಬಂದ ಮೇಲೆ ಸಂಜೆಯ ಬಸ್ಸುಗಳಲ್ಲಿ ಜಾಗದ ಪೈಪೋಟಿ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಬಸ್ಸು ಹೊರಡುವ ಜಾಗದಲ್ಲಿಯೇ, ಅಂದರೆ ಮೆಜೆಸ್ಟಿಕ್‌ನಲ್ಲಿಯೇ ಹತ್ತಬೇಕಿತ್ತು. ಬೆಳಿಗ್ಗೆ ಜಾಣತನದಿಂದ ತಪ್ಪಿಸಿಕೊಂಡ ಜಾಗಕ್ಕೆ ಸಂಜೆ ಹೋಗಲೇಬೇಕಾಯಿತು. ಒಂದು ವ್ಯತ್ಯಾಸವೆಂದರೆ ಈಗ ಗಡಿಬಿಡಿ ಇರಲಿಲ್ಲ, ಬೆಳಕಿತ್ತು, ಅತ್ತೆ ಊಟ ಮಾಡಿ ಒಂದಷ್ಟು ಹೊತ್ತು ಆಸ್ಪತ್ರೆಯ ಬೆಂಚಿನ ಮೇಲೆ ವಿಶ್ರಾಂತಿ ತೆಗೆದುಕೊಂಡಿದ್ದರು.

ಸಮಯಕ್ಕೆ ಅವಸರವಿಲ್ಲದಿದ್ದರೆ ಈ ದಾರಿಗೆ ನಗರ ಬಸ್ಸೇ ಸರಿ ಎಂದು ನನ್ನ ತೀರ್ಮಾನ. ಬನ್ನೇರುಘಟ್ಟ ಕಡೆಯಿಂದ ಡೇರಿ ಸರ್ಕಲ್ ಮೂಲಕ ಮೆಜೆಸ್ಟಿಕ್‌ಗೆ ಹೋಗುವ 365 ನಂಬರಿನ ಬಸ್ಸು ಆಸ್ಪತ್ರೆಯ ಮುಂದಿನ ದಾರಿಯಲ್ಲಿಯೇ ಬರುತ್ತದೆ. ಒಮ್ಮೆ ಹತ್ತಿದರೆ ಒಮ್ಮೆ ಇಳಿದರಾಯಿತು. ಇಲ್ಲಿಯೂ ಒಂದು ಎಚ್ಚರ ಬೇಕು. ಅದೇ ನಂಬರ್ ಹೊತ್ತು ವಜ್ರ ಬಸ್ಸೂ ಬರುತ್ತದೆ, ಅದು ಏಸಿ, ಅದರಲ್ಲಿ ಶೂನ್ಯ ಟಿಕೆಟ್ ನಡೆಯುವುದಿಲ್ಲ. ನಂಬರ್ ನೋಡಿ ಓಡಿಹೋಗಿ ಹತ್ತಿ, ಆಧಾರ್ ಕಾರ್ಡ್ ತೋರಿಸಿ, ಕಂಡಕ್ಟರ್ ‘ಇಲ್ಲಿ ನಡೆಯಲ್ಲಮ್ಮ’ ಎಂದಾಗ ಪೆಚ್ಚಾಗುವ ಹೆಂಗಸರನ್ನು ನಾನು ಹಲವು ಸಲ ನೋಡಿದ್ದೇನೆ. ಎರಡು ಬಸ್ಸು ಬಿಟ್ಟು, ನೆಲ ತಗ್ಗಿರುವ ನಾನ್ ಏಸಿ ಎಲೆಕ್ಟ್ರಿಕ್ ಬಸ್ಸಿಗಾಗಿ ಕಾದೆವು. ಹಳೆಯ ಬಸ್ಸಿನ ಮೊದಲ ಮೆಟ್ಟಿಲಿಗಿಂತ ಅದರದು ಎಷ್ಟೋ ಕೆಳಗಿರುತ್ತದೆ; ಅತ್ತೆ ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಮುಂದಿನ ಮಹಿಳೆಯರ ಸೀಟಿನಲ್ಲಿ ಕುಳಿತಿದ್ದ ಕಾಲೇಜು ಹುಡುಗಿ ಎದ್ದು ಜಾಗ ಕೊಟ್ಟಳು. ಟ್ರಾಫಿಕ್ಕಿನಲ್ಲಿ ಮೆಟ್ರೊದ ಎರಡು ಪಟ್ಟು ಹೊತ್ತು ಹಿಡಿಯಿತು, ಆದರೆ ಅಷ್ಟೂ ಹೊತ್ತು ಕುಳಿತೇ ಇದ್ದರು. ಮೆಜೆಸ್ಟಿಕ್‌ನಲ್ಲಿ ನಗರ ನಿಲ್ದಾಣದಿಂದ ಊರ ಬಸ್ಸುಗಳ ನಿಲ್ದಾಣಕ್ಕೆ ರಸ್ತೆ ದಾಟುವುದೇ ದಿನದ ಅತಿ ಕಷ್ಟದ ಭಾಗವಾಯಿತು; ನಡುವೆ ನಿಂತು ನಿಂತು ಹೋದೆವು.

ನವೆಂಬರ್ ತಿಂಗಳಿನ ಮರುತಪಾಸಣೆಗೆ ಬಂದಾಗ ಯೋಜನೆಯ ಒಂದು ಭಾಗ ಮಾತ್ರ ಬದಲಾಯಿತು. ಐದನೆಯ ರೈಲು ಸೇರಿ ಹಳದಿ ಮಾರ್ಗದ ಅಂತರ 15 ನಿಮಿಷಕ್ಕೆ ಇಳಿದಿತ್ತು, ಜಯದೇವ ನಿಲ್ದಾಣದ ಲಿಫ್ಟ್ ಯಾವ ಬದಿಗಿದೆಯೆಂದು ನಾನು ಒಂದು ಭಾನುವಾರ ಹೋಗಿ ನೋಡಿಕೊಂಡು ಬಂದಿದ್ದೆ. ಆರ್.ವಿ. ರಸ್ತೆಯಲ್ಲಿ ಗೇಟಿನಿಂದ ಹೊರಗೆ ಬರದೆ, ಬೇರೆ ಟಿಕೆಟ್ ತೆಗೆಯದೆ ಹಳದಿಗೆ ಬದಲಾಯಿಸಬಹುದಾದ್ದರಿಂದ ಈ ಸಲ ಆಟೊ ಬಿಟ್ಟು ಮೆಟ್ರೊದಲ್ಲಿಯೇ ಕೊನೆಯವರೆಗೆ ಹೋದೆವು. ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗವೂ ಮುಂದೆ ಇದೇ ನಿಲ್ದಾಣವನ್ನು ಹಾಯಲಿದೆ. ಶಿವಾಜಿನಗರ, ದಂಡು ರೈಲು ನಿಲ್ದಾಣದ ಕಡೆಯಿಂದ ಬರುವ ರೋಗಿಗಳಿಗೆ ಅದರಿಂದ ಉಪಯೋಗವಾಗುತ್ತದೆ, ತುಮಕೂರು ರಸ್ತೆಯಿಂದ ಬರುವ ನಮಗೆ ವ್ಯತ್ಯಾಸವಾಗದು. ಸಂಜೆಯ ಬಸ್ಸಿಗೆ ಮಾತ್ರ ತಮ್ಮ ಈ ಸಲ ಮುಂಗಡ ಸೀಟು ಮಾಡಿಸಿ, ಹತ್ತುವ ಜಾಗವೆಂದು ಗೊರಗುಂಟೆಪಾಳ್ಯವನ್ನು ಬರೆಸಿದ್ದ. ಬಸ್ಸು ಅರ್ಧ ಗಂಟೆ ತಡವಾಗಿ ಬಂತು. ಅಷ್ಟು ಹೊತ್ತು ಕೂರಲು ಅಲ್ಲಿ ಒಂದು ಕಲ್ಲುಬೆಂಚೂ ಇರಲಿಲ್ಲವಾದ್ದರಿಂದ, ಮುಂದಿನ ಸಲ ಮೆಜೆಸ್ಟಿಕ್‌ನಲ್ಲಿಯೇ ಹತ್ತುವುದೆಂದು ಅತ್ತೆ ಅಲ್ಲಿಯೇ ತೀರ್ಮಾನಿಸಿದರು.